ಮೂರು ಕಾರ್ಡಿಗೊಂದು ಅರಿಶಿನದ ದಾರ

ಮೆಟ್ರೋ ಗೇಟಿನ ಮುಂದೆ ನಿಂತಾಗಲೆಲ್ಲ ನಾನು ಉಸಿರು ಬಿಗಿ ಹಿಡಿಯುತ್ತೇನೆ. ಹಲ್ಲಿಗೆ ಹೆದರದವಳು, ಕತ್ತಲಿಗೆ ಹೆದರದವಳು, ಘಾಜಿಯಾಬಾದಿನ ಆಟೋದವರ ಜೊತೆ ಹರಕು ಹಿಂದಿಯಲ್ಲೇ ಜಗಳ ಕಾದು ಗೆಲ್ಲುವವಳು, ಆ ಎರಡು ರೆಕ್ಕೆಗಳ ಎದುರು ಮಾತ್ರ ಪರೀಕ್ಷೆಗೆ ಓದದೆ ಬಂದ ಹುಡುಗಿಯಾಗುತ್ತೇನೆ. ತೆರೆದರೆ ಅವು ರೆಕ್ಕೆ. ಮುಚ್ಚಿದರೆ ಬಾಯಿ. ನಾನು ಅರ್ಧ ದಾಟಿದಾಗ ಮುಚ್ಚಿಕೊಂಡರೆ ಏನು ಗತಿ? ಮುಂದಿನ ಅರ್ಧ ಹೇಗೋ ಆಗಲಿ, ಹಿಂದಿನ ಅರ್ಧವನ್ನು ನೆನೆದರೆ ನಾಚಿಕೆಯಾಗುತ್ತದೆ.

ಇಷ್ಟು ಹೆದರಿಕೆ ಇದ್ದೂ ಏಕೆ ಹೋಗುತ್ತೀರಿ ಎಂದು ಕೇಳುತ್ತೀರಿ. ದೆಹಲಿಯ ಲೋಧಿ ಕಾಲೋನಿಯಲ್ಲಿ ಗೆಳತಿ ಮೆಹರುನ್ನೀಸಾ ಇದ್ದಾಳೆ, ಅದಕ್ಕೆ. ಧಾರವಾಡದವಳು. ಮಗನಿಗೆ ಸಿಕ್ಕ ಸರ್ಕಾರಿ ಮನೆಯಲ್ಲಿ, ದೊಡ್ಡ ಬೇವಿನ ಮರದ ಪಕ್ಕ ವಾಸ. ಪ್ರತಿ ಗುರುವಾರ ಅವಳ ಮನೆಗೆ ಹೋಗಿ, ವಾರವಿಡೀ ಅಚ್ಛಾ, ಚಲೋ ಎನ್ನುತ್ತಾ ಸವೆದುಹೋದ ನಾಲಿಗೆಗೆ ಕನ್ನಡದಲ್ಲಿ ಎಣ್ಣೆ ನೀರು ಎರೆದುಕೊಂಡು ಬರುತ್ತೇನೆ. ನಾನಿರುವ ಮಗಳ ಮನೆಯಲ್ಲಿ ಅಳಿಯ ಮಿತಭಾಷಿ. ಮೊಮ್ಮಗಳು ಅನನ್ಯಾಳಿಗೆ ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ಅರ್ಧ ದಾರಿಯಲ್ಲಿ ಹಿಂದಿಯ ಬಸ್ಸು ಹತ್ತುತ್ತಾಳೆ. ಮಗಳು ಸುಧಾ ಆಫೀಸಿನಿಂದ ಬರುವಷ್ಟರಲ್ಲಿ ಮಾತೆಲ್ಲ ಖರ್ಚು ಮಾಡಿಕೊಂಡಿರುತ್ತಾಳೆ.

ನಾನು ಒಬ್ಬಳೇ ಓಡಾಡಲು ಸುಧಾ ಒಪ್ಪಿದ್ದೂ ಒಂದು ಕರಾರಿನ ಮೇಲೆ. "ನೋಡಮ್ಮಾ, ಒಂದೇ ಒಂದ್ಸಲ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಮುಗೀತು. ಆಮೇಲೆ ನಾನು ಕರ್ಕೊಂಡು ಹೋದಾಗ ಹೋಗೋದು. ಇಲ್ಲಾಂದ್ರೆ ಫೋನಲ್ಲೇ ಮಾತಾಡ್ಕೊಳ್ಳಿ." ಅವಳು ಕರೆದುಕೊಂಡು ಹೋಗುವುದೆಂದರೆ ಭಾನುವಾರ ಮಳೆ ಬಂದು, ಬಟ್ಟೆ ಒಗೆಯುವುದು ತಪ್ಪಿ, ಅಳಿಯನಿಗೆ ಲಹರಿ ಬಂದಾಗ. ಅಂದರೆ ಇಲ್ಲ ಎಂದೇ ಅರ್ಥ. ಹಾಗಾಗಿ ಪ್ರತಿ ಗುರುವಾರ ಆ ಗೇಟು ನನ್ನ ಕಾರ್ಡನ್ನಲ್ಲ, ನನ್ನನ್ನೇ ಓದುತ್ತದೆ ಅನ್ನಿಸುತ್ತದೆ.

ನನ್ನ ಬಳಿ ಮೂರು ಕಾರ್ಡುಗಳಿವೆ. ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಒಂದು, ಹಳೆಯ ಮೆಟ್ರೋ ಕಾರ್ಡು ಒಂದು, ಸುಧಾ ಮಾಡಿಸಿಕೊಟ್ಟ ಹೊಸ ಬ್ಯಾಂಕ್ ಕಾರ್ಡು ಒಂದು. ಹೊಸದರ ಮಹಿಮೆಯನ್ನು ಅನನ್ಯಾ ವಿವರಿಸಿದ್ದಳು. "ಅಜ್ಜಿ, ಇದು ಡ್ಯುಯಲ್. ಮಶೀನ್ ಒಳಗೆ ಹಾಕಿದ್ರೂ ಚಲ್ತಾ ಹೈ, ದೂರದಿಂದ ತೋರ್ಸಿದ್ರೂ ಚಲ್ತಾ ಹೈ. ಮೆಟ್ರೋದಲ್ಲೂ ಚಲ್ತಾ ಹೈ." ಅಂದರೆ ಒಂದೇ ಮನೆಗೆ ಎರಡು ಬಾಗಿಲು. ಮುಂದೆ ಹೊಳೆಯುವ ಚಿನ್ನದ ಬಣ್ಣದ ಚೌಕ, ಅದು ತಲೆಬಾಗಿಲು. ಒಳಗೆ ಕಣ್ಣಿಗೆ ಕಾಣದಂತೆ ಸುತ್ತಿದ ತಂತಿ, ಅದು ಹಿತ್ತಲ ಬಾಗಿಲು.

ಮುಟ್ಟದೆ ಕೊಟ್ಟು ತೆಗೆದುಕೊಳ್ಳುವುದು ನನಗೆ ಹೊಸದೇನಲ್ಲ. ನಮ್ಮತ್ತೆ ಮಡಿಯಲ್ಲಿದ್ದಾಗ ಸೌಟನ್ನು ಕೈಗೆ ಕೊಡುವಂತಿರಲಿಲ್ಲ, "ಅಲ್ಲೇ ಇಡು, ತಗೋತೀನಿ" ಎನ್ನುತ್ತಿದ್ದರು. ಕಾಫಿ ಲೋಟಕ್ಕೂ ಒಂದು ಗೇಣು ಮೇಲಿನಿಂದ ಹೊಯ್ಯಬೇಕು. ಆ ಒಂದು ಗೇಣಿನ ಶಾಸ್ತ್ರವನ್ನು ಈಗ ಎಂಜಿನಿಯರುಗಳು ಎರಡು ಬೆರಳಿಗೆ ಇಳಿಸಿದ್ದಾರೆ, ಅಷ್ಟೇ. ಕಾರ್ಡಿನೊಳಗೆ ಬ್ಯಾಟರಿ ಕೂಡ ಇಲ್ಲವಂತೆ. ಗೇಟೇ ಗಾಳಿಯಲ್ಲಿ ಒಂದಿಷ್ಟು ಜೀವ ಕಳಿಸುತ್ತದಂತೆ. ಆ ಜೀವದಲ್ಲಿ ಕಾರ್ಡು ಎಚ್ಚೆತ್ತು ತನ್ನ ಹೆಸರು ಹೇಳಿ ಮತ್ತೆ ಮಲಗುತ್ತದಂತೆ. ಕೇಳಿದಾಗಿನಿಂದ ಪಾಪ ಅನ್ನಿಸಿ, ಕಾರ್ಡುಗಳ ಮೇಲೆ ನನಗೆ ಮಮತೆ ಬಂದುಬಿಟ್ಟಿತು.

ಆ ಮಮತೆಯೇ ಮುಳುವಾಯಿತು. ಆಯುಧಪೂಜೆಯ ದಿನ ಮಿಕ್ಸಿಗೆ, ಸ್ಕೂಟರಿಗೆ, ಅಳಿಯನ ಲ್ಯಾಪ್‌ಟಾಪಿಗೆ ಕುಂಕುಮವಿಟ್ಟ ಮೇಲೆ ನನ್ನ ಆಯುಧ ಯಾವುದು ಎಂದು ಯೋಚಿಸಿದೆ. ಮೂರೂ ಕಾರ್ಡುಗಳನ್ನು ದೇವರ ಮುಂದಿಟ್ಟೆ. ಚಿನ್ನದ ಚೌಕ ಹಣೆಯ ಹಾಗೇ ಕಂಡಿತು. ಅಲ್ಲೇ ಗಂಧ ಕುಂಕುಮ ಹಚ್ಚಿದೆ. ಮೂರನ್ನೂ ಜೋಡಿಸಿ ಅರಿಶಿನದ ದಾರ ಸುತ್ತಿ ಗಂಟು ಹಾಕಿದೆ. ಪೂಜೆಯ ದಾರವನ್ನು ನಾವಾಗಿ ಬಿಚ್ಚಬಾರದು, ತಾನಾಗಿ ಉದುರಬೇಕು. ಅದು ನಮ್ಮ ಮನೆಯ ಪದ್ಧತಿ. ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರ ಭಯ್ಯಾ ಮುಖ ನೋಡಿಯೇ ಬಾಗಿಲು ತೆಗೆಯುವುದರಿಂದ ಕಟ್ಟು ಬಿಚ್ಚುವ ಪ್ರಮೇಯವೂ ಬರಲಿಲ್ಲ.

ಹಬ್ಬ ಕಳೆದ ಮೇಲಿನ ಗುರುವಾರ ಕಟ್ಟಿನ ಸಮೇತ ಹೊರಟೆ. ಒಳಗೆ ಹೋಗುವಾಗ ಗೇಟಿನ ಮೇಲಿಟ್ಟೆ, ತೆರೆಯಿತು. ಪೂಜೆಯ ಫಲ ಎಂದುಕೊಂಡೆ. ಲೋಧಿ ಕಾಲೋನಿಗೆ ಹತ್ತಿರದ ನಿಲ್ದಾಣದಲ್ಲಿ ಇಳಿದು ಹೊರಗೆ ಹೋಗುವ ಗೇಟಿನ ಮೇಲಿಟ್ಟೆ. ಕೆಂಪು ದೀಪ, ಕೆಟ್ಟದೊಂದು ಕೂಗು. ಮತ್ತೆ ಇಟ್ಟೆ. ಮತ್ತೆ ಕೂಗು. ಕಟ್ಟನ್ನು ಸೆರಗಿನಿಂದ ಒರೆಸಿ, ರಾಮ ರಾಮ ಎಂದು ಒತ್ತಿ ಹಿಡಿದೆ. ಗೇಟು ರಾಮನಿಗೂ ಜಗ್ಗಲಿಲ್ಲ.

ಹಿಂದೆ ಸಾಲು ಬೆಳೆಯಿತು. "ಆಂಟೀಜೀ, ಸೈಡ್ ಹೋ ಜಾಯಿಯೇ" ಎಂದಿತು ಒಂದು ದನಿ. ಪಕ್ಕಕ್ಕೆ ಸರಿದೆ. ವಿಚಾರಣೆಯ ಕಿಟಕಿ ಅಲ್ಲೇ ಇತ್ತು. ಆದರೆ ಹೊಸ ಕಾರ್ಡಿಗೆ ಕೊಟ್ಟ ಮೊಬೈಲ್ ನಂಬರು ಸುಧಾಳದು. ಅವರು ಅವಳಿಗೆ ಫೋನು ಮಾಡಿದರೆ ನನ್ನ ಗುರುವಾರಗಳು ಅಲ್ಲಿಗೇ ಸಮಾಪ್ತಿ. ಅಷ್ಟರಲ್ಲಿ ನನ್ನ ಫೋನೇ ಬಡಿದುಕೊಂಡಿತು. ಸುಧಾ!

"ತಲುಪಿದ್ಯೇನಮ್ಮಾ?"

"ಹೂಂ ಕಣೇ, ಮೆಹರು ಎದುರಿಗೇ ನಿಂತಿದಾಳೆ."

ಸುಳ್ಳಲ್ಲ. ಎಂದಿನಂತೆ ನನ್ನನ್ನು ಕರೆದೊಯ್ಯಲು ಬಂದು ಎದುರಿಗೇ ನಿಂತಿದ್ದಳು, ಕಟಕಟೆಯ ಆಚೆ. ಆ ಕಟಕಟೆ ಫೋನಿನಲ್ಲಿ ಕಾಣಿಸುವುದಿಲ್ಲವಲ್ಲ.

ಮೆಹರು ಕಂಬಿಯ ಹತ್ತಿರ ಬಂದು ನನ್ನ ಕೈಯನ್ನು ನೋಡಿದಳು. "ಏನೇ ಇದು, ಕಾರ್ಡಿಗೂ ತಾಳಿ ಕಟ್ಟಿದೀಯಾ?"

"ನಗಬೇಡ್ವೇ, ಜೀವ ಹೋಗ್ತಿದೆ. ಬಾಗಿಲು ತೆಗೀತಾ ಇಲ್ಲ."

"ಮೂರೂ ಒಟ್ಟಿಗೆ ಇಟ್ರೆ ಅದಾದ್ರೂ ಯಾರ ಮಾತು ಕೇಳ್ಬೇಕು? ಬಿಚ್ಚಿ ಒಂದೊಂದೇ ಇಡು."

"ಬಿಚ್ಚಬಾರದು ಕಣೇ. ಅದು ತಾನಾಗೇ ಉದುರಬೇಕು."

"ಹಂಗಾದ್ರೆ ಇಲ್ಲೇ ಇರು. ಮುಂದಿನ ದಸರಾಕ್ಕೆ ಬಂದು ನೋಡ್ತೀನಿ."

ನಗು ಬರಲಿಲ್ಲ, ಅಳು ಬಂತು. ಈ ಕಡೆ ಮಗಳ ಭಯ, ಆ ಕಡೆ ದೇವರ ಭಯ, ನಡುವೆ ಗೇಟು. ನನ್ನ ಕಣ್ಣು ನೋಡಿ ಮೆಹರು ಮೆತ್ತಗಾದಳು. ಕಂಬಿಯ ಮೇಲಿಂದ ಕೈ ಚಾಚಿದಳು.

"ಕೊಡಿಲ್ಲಿ. ನೀನು ಬಿಚ್ಚಬಾರದು, ಅಷ್ಟೇ ತಾನೆ? ನಾನು ಬಿಚ್ತೀನಿ. ನಿಮ್ಮ ದೇವರು ನನ್ನ ಮೇಲೆ ಯಾಕೆ ಸಿಟ್ಟಾಗ್ತಾನೆ, ನನ್ನ ವಿಳಾಸಾನೇ ಗೊತ್ತಿಲ್ಲ ಅವನಿಗೆ."

ಇಂಥ ಧರ್ಮಸೂಕ್ಷ್ಮ ಯಾವ ಪುರೋಹಿತರಿಗೂ ಹೊಳೆಯುತ್ತಿರಲಿಲ್ಲ. ಮೆಹರು ಉಗುರಿನಿಂದ ಗಂಟು ಸಡಿಲಿಸಿ, ದಾರವನ್ನು ಭಕ್ತಿಯಿಂದಲೇ ತನ್ನ ಪರ್ಸಿನಲ್ಲಿಟ್ಟುಕೊಂಡು, ಒಂದೊಂದೇ ಕಾರ್ಡು ಹಿಂದಕ್ಕೆ ಕೊಟ್ಟಳು. ಅಪಾರ್ಟ್‌ಮೆಂಟಿನ ಕಾರ್ಡಿಗೆ ಗೇಟು ಕಿವಿಯನ್ನೇ ಕೊಡಲಿಲ್ಲ. ಹಳೆಯ ಮೆಟ್ರೋ ಕಾರ್ಡಿಗೆ ಕೂಗಿತು. ಹಣೆಯಲ್ಲಿ ಕುಂಕುಮವಿದ್ದ ಹೊಸದನ್ನು ಇಟ್ಟೆ. ರೆಕ್ಕೆ ಬಿಚ್ಚಿತು. ಮಂಡಿ ನೋವನ್ನು ಮರೆತು, ಎರಡೂ ಅರ್ಧಗಳ ಸಮೇತ ಆಚೆ ಹಾರಿದೆ.

ಸಂಜೆ ಮನೆಯಲ್ಲಿ ಸುಧಾ ಕಾಫಿ ಲೋಟ ಹಿಡಿದು ಕೇಳಿದಳು. "ಎಲ್ಲಾ ಸರಿ ಹೋಯ್ತಾ?" ಉತ್ತರಗಳೂ ಮೂರು ಸಿದ್ಧವಿದ್ದವು. ನಿಜ, ಅರ್ಧ ನಿಜ, ಹಸಿ ಸುಳ್ಳು. ಮೂರನ್ನೂ ಒಟ್ಟಿಗೆ ಚಾಚಿದರೆ ಏನಾಗುತ್ತದೆಂದು ಬೆಳಗ್ಗೆಯಷ್ಟೇ ಕಲಿತಿದ್ದೆ. ಎದೆ ಗಟ್ಟಿ ಮಾಡಿಕೊಂಡು ಒಂದನ್ನೇ ಕೊಟ್ಟೆ. "ಸಿಕ್ಕಿಹಾಕ್ಕೊಂಡಿದ್ದೆ ಕಣೇ. ಆಮೇಲೆ ಬಿಡಿಸ್ಕೊಂಡು ಬಂದೆ." ಕಥೆಯನ್ನೆಲ್ಲ ಹೇಳಿದೆ.

ಅನನ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜಿ, ಒಳಗೆ ಹೋಗ್ತಾ ಹೊಸ ಕಾರ್ಡ್ ಪಹಲೇ ಬೋಲಾ. ಬರ್ತಾ ಹಳೇದು ಮಧ್ಯೆ ಬಾಯಿ ಹಾಕ್ತು. ಒಳಗೇ ಬರದಿರೋ ಕಾರ್ಡನ್ನ ಗೇಟ್ ಹೊರಗೆ ಹೇಗೆ ಬಿಡುತ್ತೆ?" ಎಂದು ಚಿನ್ನದ ಚೌಕದ ಕುಂಕುಮವನ್ನು ಕೆರೆದಳು. ತಲೆಬಾಗಿಲಿಗೆ ನಾನು ಕುಂಕುಮ ಮೆತ್ತಿ ಬೀಗ ಹಾಕಿದ್ದರೂ ಹಿತ್ತಲ ಬಾಗಿಲು ನನ್ನನ್ನು ಕೈಬಿಟ್ಟಿರಲಿಲ್ಲ.

ಸುಧಾ ಮಾತ್ರ ನಗಲಿಲ್ಲ. ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. ಕೆಂಪು ದೀಪ ಹತ್ತುತ್ತದೆ ಎಂದು ನಾನು ಕಾದೆ.

"ಅಂದ್ರೆ ಬಿಡಿಸ್ಕೊಳ್ಳೋಕೂ ಬರುತ್ತೆ ನಿಂಗೆ" ಎಂದಳು ಕೊನೆಗೆ. "ಮುಂದಿನ ವಾರ ಹೋಗ್ತಾ ಮೆಹರು ಆಂಟಿಗೆ ಚಕ್ಕುಲಿ ತಗೊಂಡ್ಹೋಗು."

ಹೆದರಿಕೆ ಹೋಯಿತೇ? ಎಲ್ಲಿಯ ಮಾತು. ಈಗಲೂ ಗೇಟಿನ ಮುಂದೆ ಒಂದೇ ಕಾರ್ಡು ಹಿಡಿದು ನಡುಗುತ್ತಲೇ ನಿಲ್ಲುತ್ತೇನೆ. ಧೈರ್ಯವಂತರು ಹೇಗಿದ್ದರೂ ನಿಂತುಕೊಂಡೇ ಹೋಗಬಲ್ಲರು. ಹೆದರಿಕೊಂಡೂ ಹೊರಟುಬಂದವಳಿಗೆ ರೈಲಿನಲ್ಲಿ ಯಾರಾದರೂ ಎದ್ದು ಸೀಟು ಬಿಟ್ಟುಕೊಟ್ಟರೆ ಸಾಕು.