ಹರಕೆ ಹುಂಜ ಕಾಯುತ್ತಿದ್ದ ಸಣ್ಣತಾಯವ್ವ

ಸಣ್ಣತಾಯವ್ವ ಹದ್ದಿನ ಜೊತೆ ಜಗಳ ಆಡುತ್ತಿದ್ದಳು. ಸುಮ್ಮನೆ ಬಾಯಿಮಾತಿಗೆ ಹೇಳುತ್ತಿಲ್ಲ. ಹಿತ್ತಿಲ ನಡುವೆ ಸೆರಗು ಸಿಕ್ಕಿಸಿಕೊಂಡು ನಿಂತು, ಕತ್ತು ಮೇಲೆತ್ತಿ, ಆಕಾಶದಲ್ಲಿ ಸುತ್ತು ಹೊಡೆಯುವ ಹದ್ದಿಗೆ ಅದರ ತಾಯಿ ತಂದೆಯಿಂದ ಹಿಡಿದು ಪೂಜೆ ಮಾಡುತ್ತಿದ್ದಳು. "ನಿನ್ನೆಣ ಎತ್ತ, ಇಳೀಲಾ ನೋಡವ. ನಮ್ ಪಟೇಲ ಅವ್ನೆ ಇಲ್ಲಿ, ಪುಕ್ಕ ಕಿತ್ತು ಕೈಗೆ ಕೊಡ್ತನೆ." ಪಟೇಲ ಅಂದರೆ ಅವಳ ಗಂಡು ಹೆಬ್ಬಾತು. ಅವನೂ ಅವಳ ಪಕ್ಕದಲ್ಲೇ ನಿಂತು ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ಆಕಾಶ ನೋಡುತ್ತಿದ್ದ. ಅವನ ಹಿಂದೆ ಅವನ ಇಬ್ಬರು ಹೆಂಡಿರು, ದೊಡ್ಡೋಳು ಮತ್ತು ಚಿಕ್ಕೋಳು. ಮೂರೂ ಸೇರಿ ಬಾಯಿ ತೆಗೆದರೆ ಬೆಟ್ಟದಪುರದ ಬಸ್ ಸ್ಟ್ಯಾಂಡಿಗೆ ಕೇಳಬೇಕು.

ಅವಳ ಮನೆ ನಮ್ಮ ಮನೆಯ ಪಕ್ಕದ್ದೇ. ಕರೆಂಟಿನ ಮೀಟರ್ ಓದುವವನು ಪಟೇಲನಿಗೆ ಹೆದರಿ ಬೀದಿಯಲ್ಲೇ ನಿಂತು "ಅಕ್ಕಾ, ನೀವೇ ಒಸಿ ನೋಡಿ ಹೇಳಿ" ಎಂದು ನನ್ನನ್ನು ಕೂಗುತ್ತಿದ್ದ. ನಾನು ಹೊಲಿಗೆ ಮೆಷಿನ್ ಬಿಟ್ಟು ಎದ್ದು ಹೋಗಿ ಅವಳ ಮೀಟರ್ ಓದಬೇಕು. ನನಗೇನು ಪಟೇಲ ರಿಯಾಯಿತಿ ಕೊಡುತ್ತಿದ್ದನೇ? ನನ್ನ ಎರಡು ಸೀರೆ ಅವನ ಬಾಯಿಗೆ ಹೋದವು. ಅವಳ ಮೊಣಕಾಲಿನ ಕೆಳಗೂ ಒಂದಲ್ಲ ಒಂದು ಕಡೆ ನೀಲಿ ಕಟ್ಟಿರುತ್ತಿತ್ತು. ಕೇಳಿದರೆ ನಗುತ್ತಿದ್ದಳು. "ಕಾವಲಿಗೆ ಇಟ್ಕಂಡವ್ನು ಮಕ ನೋಡ್ಬುಟ್ಟು ಕಚ್ಚಕಾಯ್ತದಾ?"

ಕಾವಲು ಯಾತಕ್ಕೆ ಅನ್ನುವುದನ್ನು ಹೇಳಬೇಕು. ನಮ್ಮ ಕಡೆ ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಮಾರವ್ವನಿಗೆ ಹುಂಜ ಹರಸಿಕೊಳ್ಳುತ್ತಾರೆ. ಅದು ಇನ್ನೂ ಪಿಳ್ಳೆ, ಅಂದರೆ ಮರಿ, ಇದ್ದಾಗಲೇ ಅದರ ಕಾಲಿನ ಕಿರುಬೆರಳಿನ ತುದಿ ಕತ್ತರಿಸಿ ಗುರುತು ಮಾಡಿಬಿಡುತ್ತಾರೆ. ಆಮೇಲೆ ಅದನ್ನು ಮಾರುವ ಹಾಗಿಲ್ಲ, ನೆಂಟರು ಬಂದರೆಂದು ಕೊಯ್ಯುವ ಹಾಗಿಲ್ಲ. ಮಾರಿಹಬ್ಬದ ತನಕ ಕೈಕಾಲು ಊನ ಆಗದಂತೆ ಸಾಕಿ ಅವಳಿಗೇ ಒಪ್ಪಿಸಬೇಕು. ಈಗ ಎಲ್ಲರ ಮನೆಗೂ ಸಿಮೆಂಟ್ ಅಂಗಳ, ಕೋಳಿಗೆ ಕೆರೆಯಲು ಮಣ್ಣೇ ಇಲ್ಲ. ಹಾಗಾಗಿ ಊರಿನ ಹರಕೆ ಹುಂಜಗಳೆಲ್ಲ ಸಣ್ಣತಾಯವ್ವನ ಹಿತ್ತಿಲಿಗೆ ಬಂದು ಸೇರುತ್ತಿದ್ದವು.

ಒಂದು ವರ್ಷ ಬೀದಿ ಕೊನೆಯ ಮನೆಯವರ ಹುಂಜವನ್ನು ಮುಂಗುಸಿ ಹಿಡಿದುಬಿಟ್ಟಿತು. ಆ ಮನೆಯವರು ಮಾರವ್ವ ಮುನಿದಳೆಂದು ಹೆದರಿ ಕೂತರು. ಸಣ್ಣತಾಯವ್ವನಿಗೂ ಊಟ ಸೇರಲಿಲ್ಲ. ಅದೇ ವರ್ಷ ಮೆಣಸು ಕೊಯ್ಯಲು ಕೊಡಗಿಗೆ ಹೋದವಳು, ಅಲ್ಲಿನ ತೋಟದ ಮನೆಯಲ್ಲಿ ಹೆಬ್ಬಾತುಗಳು ಮುಂಗುಸಿಯನ್ನು ಬೇಲಿ ದಾಟಿಸಿ ಅಟ್ಟಿದ್ದನ್ನು ಕಣ್ಣಾರೆ ನೋಡಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ತೊಡೆಯ ಮೇಲೆ ಒಂದು ಬುಟ್ಟಿ, ಬುಟ್ಟಿಯಲ್ಲಿ ಮೂರು ಹಳದಿ ಮರಿ. ಅಲ್ಲಿಂದ ಮುಂದೆ ಆ ಹಿತ್ತಿಲಿಗೆ ಮುಂಗುಸಿ, ಕಾಡುಬೆಕ್ಕು, ಬೀದಿನಾಯಿ ಯಾವುದೂ ಹಗಲಲ್ಲಿ ಕಾಲಿಡಲಿಲ್ಲ. ಕತ್ತಲಾದ ಮೇಲೆ ಎಲ್ಲವನ್ನೂ ಗೂಡಿಗೆ ಸೇರಿಸಿ ಕಲ್ಲು ಒರಗಿಸುತ್ತಿದ್ದಳು.

ನಮ್ಮ ಹುಂಜ ಅಲ್ಲಿಗೆ ಹೋದದ್ದು ನನ್ನ ಮಗಳು ಚೈತ್ರಳ ಸಲುವಾಗಿ. ಒಂದು ಜ್ವರ ಬಂದು ಬಿಟ್ಟ ಮೇಲೆ ಅವಳ ಕಾಲಿನಲ್ಲಿ ಶಕ್ತಿಯೇ ಇಲ್ಲದಂತಾಯಿತು. ಮೈಸೂರಿನ ಆಸ್ಪತ್ರೆಯಲ್ಲಿ, ನಿಧಾನಕ್ಕೆ ಸರಿಹೋಗುತ್ತದೆ, ದಿನಾ ನಡೆಸಿ ಅಂದರು. ನಿಧಾನ ಎಂದರೆ ಎಷ್ಟು ನಿಧಾನ ಅಂತ ಯಾರೂ ಹೇಳಲಿಲ್ಲ. ನಮ್ಮತ್ತೆ ಹುಂಜ ಹರಸಿಕೊಂಡರು. ಕೆಂಪು ಪಿಳ್ಳೆ, ಬೆರಳು ಕತ್ತರಿಸಿದ್ದೂ ಅವರೇ. ಅದನ್ನು ಸಣ್ಣತಾಯವ್ವನ ಹಿತ್ತಿಲಿಗೆ ಬಿಟ್ಟೆವು. ಚೈತ್ರ ಗೋಡೆ ಹಿಡಿದು ಮೊದಲು ನಡೆದದ್ದೂ ಅಲ್ಲಿಗೇ, ತನ್ನ ಹುಂಜ ನೋಡಲು. ಸಣ್ಣತಾಯವ್ವ ಪಟೇಲನನ್ನು ಕೋಲಿನಿಂದ ಆಚೆ ತಡೆದು ನಿಲ್ಲಿಸಿ, "ಬಾ ಮಗಾ, ಇನ್ನೊಂದೆಜ್ಜೆ, ಇವ್ನಿಗೆ ನಾನ್ ಯೋಳ್ತೀನಿ" ಅನ್ನುತ್ತಿದ್ದಳು. ಹುಂಜ ಬೆಳೆಯುತ್ತ ಬೆಳೆಯುತ್ತ ಮಗಳ ಕಾಲೂ ಗಟ್ಟಿಯಾಯಿತು. ನಾನು ಎಷ್ಟು ಸಲ ಹೊಲಿಗೆಯ ಮುಂದೆ ಕೂತು ಸುಮ್ಮನೆ ಅತ್ತಿದ್ದೇನೋ ಗೊತ್ತಿಲ್ಲ, ಸಂತೋಷಕ್ಕೆ.

ಮಾರಿಹಬ್ಬ ಇನ್ನೇನು ಬಂತು ಅನ್ನುವಾಗ ಒಂದು ಬೆಳಗ್ಗೆ ಸಣ್ಣತಾಯವ್ವ ನಮ್ಮ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಅಂದರೆ ಬರಲಿಲ್ಲ.

"ಪಟೇಲ ನಿಮ್ಮುಂಜದ ಕಾಲ್ ಮುರುದ್ಬುಟ್ಟ ಕಣಮ್ಮಿ."

ಚಿಕ್ಕೋಳು ಹುಲ್ಲಿನ ಮೆದೆಯ ಹಿಂದೆ ಮೊಟ್ಟೆಯ ಮೇಲೆ ಕೂತಿದ್ದಳಂತೆ. ನಮ್ಮ ಹುಂಜ ಕೆರೆಯುತ್ತ ಅತ್ತ ಹೋಗಿದೆ. ಅಷ್ಟು ದಿನ ಅದನ್ನು ಕಾದ ಪಟೇಲನೇ ರೆಕ್ಕೆಯಲ್ಲಿ ಬೀಸಿ ಹೊಡೆದಿದ್ದಾನೆ. ಮೂಳೆ ಮುರಿದ ಹುಂಜ ಮಾರವ್ವನಿಗೆ ಸಲ್ಲುವುದಿಲ್ಲ.

ಅವಳ ಹಿತ್ತಿಲಲ್ಲಿ ಅದೇ ಬಣ್ಣದ, ಅದೇ ಎತ್ತರದ ಅವಳ ಸ್ವಂತ ಹುಂಜಗಳೂ ಬೇಕಾದಷ್ಟಿದ್ದವು. ಒಂದರ ಬೆರಳು ಕತ್ತರಿಸಿ ನಮ್ಮ ಕೈಗೆ ಕೊಟ್ಟಿದ್ದರೆ ನನಗೂ ತಿಳಿಯುತ್ತಿರಲಿಲ್ಲ, ನಮ್ಮತ್ತೆಗೂ ತಿಳಿಯುತ್ತಿರಲಿಲ್ಲ. ಅದನ್ನೇ ಅವಳಿಗೆ ಅಂದೆ.

"ನಿಮ್ಗೆ ತಿಳಿಯಕಿಲ್ಲ. ನಂಗ್ ತಿಳಿಯಕಿಲ್ವಾ?" ಅಂದಳು.

ನಮ್ಮತ್ತೆ ಒಳಗಿನಿಂದಲೇ ಶುರು ಮಾಡಿದರು. ಕಾವಲಿಗೆ ಇಟ್ಟ ಪ್ರಾಣಿಯೇ ಹೀಗೆ ಮಾಡಿತೆಂದರೆ ಏನರ್ಥ, ಮಗುವಿಗೆ ಮತ್ತೆ ಏನಾದರೂ ಆದರೆ ಯಾರು ಹೊಣೆ ಎಂದು. ಹದ್ದಿಗೆ ಅಷ್ಟು ಬೈಯುವ ಬಾಯಿ ಅಂದು ಸುಮ್ಮನಿತ್ತು. ಸಣ್ಣತಾಯವ್ವ ನೆಟ್ಟಗೆ ಮಾರವ್ವನ ಗುಡಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಗುಡಿ ಬಾಗಿಲು ಹಾಕಿತ್ತು. ಬಾಗಿಲ ಮುಂದೆಯೇ ನಿಂತು, ಪಕ್ಕದ ಮನೆಯವರ ಜೊತೆ ಮಾತಾಡುವ ಹಾಗೆ ಹೇಳಿದಳು: "ಇದು ನನ್ ಮನೆ ತೆಪ್ಪು ಕಣವ್ವ. ಆ ಕೂಸಿಂದಲ್ಲ. ಏನ್ ಕೇಳಾದಿದ್ರೂ ನನ್ ಕೇಳು."

ನಮ್ಮತ್ತೆ ಬೇರೆ ಹುಂಜ ತಂದು ಹಬ್ಬಕ್ಕೆ ಒಪ್ಪಿಸಿದರು. ಆದರೂ ಹೇಳಿದ್ದು ಒಂದು, ಕೊಟ್ಟಿದ್ದು ಒಂದು ಎಂಬ ಕೊರಗು ಅವರಿಗೆ ಹೋಗಲಿಲ್ಲ. ಕುಂಟ ಹುಂಜಕ್ಕೆ ಸಣ್ಣತಾಯವ್ವ ಬಿದಿರ ಸೀಳು ಕಟ್ಟಿ, ತನ್ನ ಹಿತ್ತಿಲಲ್ಲೇ ಇಟ್ಟುಕೊಂಡಳು. ಚೈತ್ರ ಶಾಲೆಯ ಖೋಖೋ ತಂಡ ಸೇರಿದಳು.

ಮುಂದಿನ ಮಳೆಗಾಲದಲ್ಲಿ ಸಣ್ಣತಾಯವ್ವನ ಹಿಮ್ಮಡಿಗೆ ಮುಳ್ಳು ಚುಚ್ಚಿತು. ಅವಳಿಗೆ ಮೊದಲಿಂದ ಸಕ್ಕರೆ ಕಾಯಿಲೆ. ಗಾಯ ಮಾಯಲಿಲ್ಲ, ಕಪ್ಪಾಯಿತು. ಮೈಸೂರಿಗೆ ಕರೆದುಕೊಂಡು ಹೋದಾಗ ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು. ಅವಳ ಮಗಳು ಸಾಲಿಗ್ರಾಮದ ತನ್ನ ಮನೆಗೆ ಕರೆದೊಯ್ದಳು. ಕೋಳಿ, ಬಾತು ಎಲ್ಲ ಪಿರಿಯಾಪಟ್ಟಣದ ಹತ್ತಿರದ ಒಂದು ತೋಟ ಸೇರಿದವು.

ಊರಿನ ಬಾಯಿ ಸುಮ್ಮನಿರುತ್ತದೆಯೇ? ಹುಂಜದ ಕಾಲಿಗೆ ಕಾಲು, ಮಾರವ್ವ ಕೇಳಿ ತಗೊಂಡಳು ಎಂದು ನೀರಿನ ನಲ್ಲಿ ಹತ್ತಿರ ಮಾತಾಯಿತು. ನಮ್ಮತ್ತೆಯೂ ಅದನ್ನೇ ಆಡಿದರು, ಅದೂ ಚೈತ್ರಳ ಎದುರಿಗೆ. ನಾನು ಅವರ ಜೊತೆ ಜಗಳವಾಡಿದೆ. ಒಳಗೊಳಗೆ ನನಗೂ ಅದೇ ಭಯ. ಮಗಳು ಖೋಖೋ ಬಿಟ್ಟಳು. ಶಾಲೆಗೆ ಹೋಗುವಾಗಲೂ ಕಾಲೆಳೆದುಕೊಂಡು ನಡೆಯುವಳು. "ಅಜ್ಜಿ ಕಾಲು ನನ್ನಿಂದ ಹೋಯ್ತಾ ಅಮ್ಮ?" ಎಂದು ಒಂದು ದಿನ ಕೇಳಿದಳು. ಅವಳನ್ನು ಕರೆದುಕೊಂಡು ಸಾಲಿಗ್ರಾಮದ ಬಸ್ಸು ಹತ್ತಿದೆ.

ಜಗುಲಿಯಲ್ಲಿ ಮಂಚ ಹಾಕಿ ಮಲಗಿಸಿದ್ದರು. ಇಳಿದುಹೋಗಿದ್ದಳು. ಬಾಯಿ ಮಾತ್ರ ಹಾಗೇ ಇತ್ತು. "ಪಟೇಲ ಎಂಗವ್ನೆ? ಆ ತೋಟದವ್ರನ್ನ ಕಚ್ಚಿದ್ನಾ ಇಲ್ವಾ?" ಎಂದು ಶುರು ಮಾಡಿದವಳು ಚೈತ್ರಳ ಮುಖ ನೋಡಿ ನಿಲ್ಲಿಸಿದಳು. ನಾನು ಊರ ಮಾತೆಲ್ಲ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ.

ಅವಳಿಗೆ ಸಿಟ್ಟು ಬಂತು. ಹದ್ದಿನ ಮೇಲೆ ಬರುತ್ತಿತ್ತಲ್ಲ, ಅದೇ ಸಿಟ್ಟು.

"ಮಾರವ್ವ ಏನ್ ಮುಂಗುಸಿನಾ, ಸಂದಿ ನೋಡ್ಕಂಡು ಬಂದು ಕಾಲ್ ಕಚ್ಚಕ್ಕೆ? ಡಾಕ್ಟ್ರು ಚಪ್ಲಿ ಮೆಟ್ಕೊ ಅಂದ್ರು, ನಾನ್ ಮೆಟ್ನಿಲ್ಲ. ಮುಳ್ ಚುಚ್ಚುದ್ರೆ ಸೀಮೆಣ್ಣೆ ಉಯ್ಕಂಡು ಸುಮ್ಕಾದೆ. ಸಕ್ರೆ ಮಾತ್ರೆ ತಿನ್ನು ಅಂದ್ರೆ ಕೋಳಿ ಗೂಡ್ನಲ್ಲಿ ಮಡಗ್ಬುಟ್ಟು ಮರ್ತೆ. ಇದ್ರಲ್ಲಿ ಆ ತಾಯ್ದೇನದೆ, ಈ ಕೂಸ್ದೇನದೆ?"

ಮತ್ತೆ ಚೈತ್ರಳನ್ನು ಹತ್ತಿರ ಕರೆದು ಕೆನ್ನೆ ಹಿಡಿದಳು. "ನನ್ ಕಾಲು ನಂದು ಕಣ್ ಮಗಾ. ನಾನೇ ಕೆಡಿಸ್ಕಂಡೆ. ನಿನ್ ಕಾಲು ನಿಂದು. ಕೊಡಿಲ್ಲಿ, ನೋಡವ." ಮಂಡಿಯಿಂದ ಪಾದದವರೆಗೆ ಕೈಯಾಡಿಸಿದಳು. "ಗಟ್ಟಿಯಾಗವೆ. ಓಡು, ಆ ಲೈಟ್ ಕಂಬದ ಗಂಟ."

ಚೈತ್ರ ನನ್ನ ಮುಖ ನೋಡಿದಳು. "ಅವಳ ಮಕ ಯಾಕ್ ನೋಡೀಯೆ, ನಾನ್ ಯೋಳ್ತಾ ಇರಾದು" ಎಂದಳು ಸಣ್ಣತಾಯವ್ವ.

ಅದಾದ ಮೇಲೆ ನಾನು ಅವಳನ್ನು ನೋಡಲಿಲ್ಲ. ಬೇಸಿಗೆ ಬರುವ ಮೊದಲೇ ತೀರಿಕೊಂಡಳು. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿತ್ತು. ಈಗಲೂ ನನಗೆ ಅವಳು ನೆನಪಾಗುವುದು ಆ ಜಗುಲಿಯಲ್ಲೇ. ಚೈತ್ರ ಮೊದಲು ನಡೆದಳು, ಆಮೇಲೆ ಜೋರಾಗಿ ನಡೆದಳು, ಅರ್ಧ ಬೀದಿಯಿಂದ ಓಡಿದಳು. ಕಂಬ ಮುಟ್ಟಿ, ಲಂಗ ಎತ್ತಿ ಹಿಡಿದು, ಮೈಮೇಲೆ ಅರಿವಿಲ್ಲದಂತೆ ಓಡಿ ಬಂದಳು. ಸಣ್ಣತಾಯವ್ವ ಮಂಚದ ಕಂಬಿ ಹಿಡಿದು ಅರ್ಧ ಎದ್ದಿದ್ದಳು. ಕಣ್ಣಲ್ಲಿ ನೀರು, ಬಾಯಿ ತುಂಬ ನಗು.

"ಸರ್ಯಾಗ್ ಕಾಣ್ನಿಲ್ಲ ಕಣ್ ಮಗಾ," ಅಂದಳು, "ಇನ್ನೊಂದ್ ಸಲ ಓಡು."