ಬಳ್ಳಾರಿ ಜಾಲಿಯ ಇಳಿಜಾರು

ಸಿಂಚನಾ, ತೇಜಸ್,

ಬಳ್ಳಾರಿ ಸೀಮೆಯ ಕೂಡ್ಲಿಗಿ ಕಡೆಯ ನಮ್ಮ ಹಳ್ಳಿಯಿಂದ ನಾನು ಬೆಂಗಳೂರಿನ ಪಕ್ಕದ ಹುಣಸಮಾರನಹಳ್ಳಿಗೆ ಬಂದ ಮರುದಿನ ಬೆಳಿಗ್ಗೆ, ನನ್ನ ಬೀಗರಾದ ನಿಮ್ಮ ತಾತ ಅಂಗಳದಲ್ಲಿ ನಿಂತು ನಿಮ್ಮ ಅಪ್ಪನಿಗೆ ಕೂಗಿ ಹೇಳುತ್ತಿದ್ದರು: "ಈ ಬಳ್ಳಾರಿನ ಇಂಗೇ ಬುಟ್ರೆ ಮನೆವರ್ಗೂ ಬಂದ್ಬುಡ್ತದೆ ಕಣೋ. ಬುಡಸಮೇತ ಕಿತ್ತಾಕ್ಬೇಕು!"

ನನ್ನ ಯಜಮಾನರು, ನಿಮ್ಮ ಅಜ್ಜ, ತೀರಿಕೊಂಡ ಮೇಲೆ ಮಗಳ ಮನೆ ಸೇರಿದ ಸಂಕೋಚ ನನಗೆ ಮೊದಲೇ ಇತ್ತು. ಸದ್ದಿಲ್ಲದೆ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದೆ. ನಿಮ್ಮ ಅಮ್ಮ ನೋಡಿ, ವಿಷಯ ತಿಳಿದು, ಗೋಡೆ ಹಿಡಿದು ನಕ್ಕಳು. "ಯವ್ವಾ, ಅದು ನಿನಗಲ್ಲ, ಹಿತ್ತಲ ಜಾಲಿಗೆ!" ನಾವು ಬರೀ ಜಾಲಿ ಎನ್ನುವ ಮುಳ್ಳುಗಿಡಕ್ಕೆ ಇಲ್ಲಿಯವರು ಬಳ್ಳಾರಿ ಜಾಲಿ ಎನ್ನುತ್ತಾರೆ.

ಮನೆಯ ಹಿಂದೆ ಕೆರೆಯತ್ತ ಇಳಿಯುವ ಕಡಿದಾದ ಜಮೀನು. ಬಂಡೆಗಳ ನಡುವೆ ಜಾಲಿ, ಲಂಟಾನ ಹೆಣೆದುಕೊಂಡು ನಾಯಿಯೂ ನುಸುಳದಂತಿತ್ತು. ಕೆಡವಿದ ಕಟ್ಟಡಗಳ ಮಣ್ಣನ್ನು ಲಾರಿಯವರಿಂದ ಸುರಿಸಿ ಮಟ್ಟ ಮಾಡಿಬಿಡೋಣ ಎಂದು ತಾತನ ಯೋಚನೆ.

ನನ್ನ ಕೈಗೋ ಇಲ್ಲಿ ಕೆಲಸವೇ ಇರಲಿಲ್ಲ. ಊರಲ್ಲಿ ಜೋಳದ ರೊಟ್ಟಿ ತಟ್ಟಿದ ಕೈ ಇಲ್ಲಿ ಮುದ್ದೆಯಲ್ಲಿ ಗಂಟು ಕಟ್ಟಿಸಿತು. ಒಬ್ಬಳೇ ಬಸ್ಸು ಹತ್ತಿ ಯಲಹಂಕಕ್ಕೆ ಹೋಗಲೂ ಭಯ. ಆ ನೆಲವಾದರೂ ನನಗಿರಲಿ ಅನ್ನಿಸಿತು. ಬಾಗಿಲ ಮರೆಯಿಂದಲೇ ತಾತನಿಗೆ ಹೇಳಿದೆ: "ನನಗ ಬಿಡ್ರಿ. ಹಸನು ಮಾಡಿ ಬೆಳಿತೀನಿ."

"ಮಳೆ ಇಡಿಯೋದ್ರೊಳಗೆ ಕ್ಲೀನಾಗ್ಬೇಕು ಬೀಗ್ತಿಯಮ್ಮ. ಇಲ್ಲಾಂದ್ರೆ ಲಾರಿಯೋರ್ಗೆ ಏಳ್ಬುಡ್ತೀನಿ."

ನಿಮ್ಮ ಅಪ್ಪ ಒಂದು ಯಂತ್ರ ತರಿಸಿದರು. ಮಣ್ಣು ಅಗೆಯುವ ಯಂತ್ರದಂಥದ್ದೇ. ತೋಳಿನ ತುದಿಗೆ ಮಾತ್ರ ಬಕೆಟ್ಟಿನ ಬದಲು ಹಲ್ಲುಗಳಿದ್ದ ಉರುಳೆ. ನಿಂತ ಪೊದೆಯನ್ನೇ ಚೂರುಚೂರು ಮಾಡಿ ಅಲ್ಲೇ ಹರಡುತ್ತಿತ್ತು. ಇದಕ್ಕೆ ಮಲ್ಚಿಂಗ್ ಎನ್ನುತ್ತಾರೆ, ಎಂದರೆ ನೆಲಕ್ಕೆ ಹೊದಿಕೆ. ಇಳಿಜಾರಿನ ಮಣ್ಣು ಕೊಚ್ಚಿಹೋಗದಂತೆ ಅದು ತಡೆಯುತ್ತದಂತೆ. ಇದು ನನಗೆ ತಿಳಿಯುವ ಮೊದಲೇ ಕೈ ಸುಮ್ಮನಿರದೆ ಚೂರುಗಳನ್ನು ಒಲೆಗೆಂದು ಚೀಲಕ್ಕೆ ತುಂಬುತ್ತಿತ್ತು. ಆಪರೇಟರ್ ಯಂತ್ರ ನಿಲ್ಲಿಸಿ ಕೂಗಿದ: "ಅಯ್ಯೋ ಅಜ್ಜಿ, ನಾನ್ ಹೊದಿಸ್ಕೊಂಡ್ ಬರ್ತಿದ್ರೆ ನೀವ್ ಹಿಂದಿಂದ ಕಂಬಳಿ ಎಳೀತಿದೀರಲ್ಲಾ!" ನಾಚಿ ಎಲ್ಲವನ್ನೂ ಮತ್ತೆ ಸುರಿದೆ.

ಮೇಲಿನ ಬಂಡೆಗಳ ಹತ್ತಿರ ಯಂತ್ರ ಜಾರಿತು. ಇನ್ನು ಹತ್ತುವುದಿಲ್ಲ ಎಂದು ಅವನು ಹೊರಟುಹೋದ. ಉಳಿದದ್ದನ್ನು ನಾನೇ ಮಚ್ಚಿನಿಂದ ಸವರಿದೆ. ಮುಳ್ಳು ಚುಚ್ಚಿ ಅಂಗೈ ಊದಿತು. ಕಡಿದ ಮೋಟುಗಳು ಬೇಗನೆ ಚಿಗುರಿದವು. ಗುದ್ದಲಿ ಹಿಡಿದು ಒಂದೊಂದನ್ನೂ ಕಿತ್ತೆ. "ಅದೇನ್ ಅಟಾ ನಿಮ್ದು, ಒಳಕ್ ಬನ್ನಿ!" ಎಂದು ಗದರುತ್ತಿದ್ದ ನಿಮ್ಮ ಅಪ್ಪನ ಅಮ್ಮ ರತ್ನಮ್ಮ, ಒಂದು ದಿನ ತಾವೇ ಸೆರಗು ಸಿಕ್ಕಿಸಿ ಕುಡುಗೋಲು ತಂದರು.

ಮಳೆ ಬಂತು. ಕೆಳಗೆ ಇಳಿದ ನೀರು ಮಣ್ಣು ಕಲೆತು ಕೆಂಪಾಗಿರಲಿಲ್ಲ. ತಾತ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಲಾರಿ ಬ್ಯಾಡ ಗುರು, ಬೀಗ್ತಿಯಮ್ಮ ಅವರೆಕಾಯಿ ಆಕ್ತಾವ್ರೆ." ನಾನು ಒಂದು ಸಾಲು ಶೇಂಗಾವನ್ನೂ ಹಾಕಿದೆ.

ಆ ವರ್ಷವೇ ಊರಿಗೆ ಹೋದಾಗ, ನಮ್ಮ ಹೊಲದ ಬದುವಿನಲ್ಲಿ ಕಂಡ ಜಾಲಿಯ ಸಸಿಗಳನ್ನು ಕೈ ತಾನಾಗಿ ಕೀಳತೊಡಗಿತು. ಪಕ್ಕದ ಹೊಲದ ಹನುಮವ್ವ ಓಡಿಬಂದಳು: "ಯಾಕಬೇ, ಬೇಲಿ ಕೀಳಾಕ ಹತ್ತೀ? ಕುರಿ ನುಗ್ಗತಾವ!" ಹೌದಲ್ಲ, ಅದು ನಿಮ್ಮ ಅಜ್ಜ ಹಚ್ಚಿದ ಬೇಲಿ. ಕಿತ್ತ ಸಸಿಯನ್ನು ನೆಡಬೇಕೋ ಎಸೆಯಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತೆ.

ಇಳಿಜಾರಿನ ಮೇಲೆ ಮುಂದೆ ಮನೆಗಳೇಳಬಹುದು, ಊರಿನ ಬೇಲಿಯೂ ಹೋಗಬಹುದು. ಎರಡೂ ನಿಮ್ಮವೇ ಮಕ್ಕಳೇ. ಅದಕ್ಕೇ ಇದನ್ನೆಲ್ಲ ಬರೆದಿಟ್ಟೆ. ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ ಜೋಪಾನವಾಗಿ ಇಟ್ಟುಕೊಳ್ಳಿ.