ಗಾಲ್ಫ್ ದೊಣ್ಣೆಯ ಕಾಲಿಂಚಿನ ಸ್ಕ್ರೂ

1974ರಲ್ಲಿ ನಾನು ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಟೂಲ್ ರೂಮ್ ಇಂಜಿನಿಯರ್ ಆಗಿದ್ದೆ. ಟೂಲ್ ರೂಮ್ ಎಂದರೆ ಕಾರ್ಖಾನೆಗೆ ಬೇಕಾದ ಅಚ್ಚು, ಅಳತೆ ನೋಡುವ ಗೇಜು, ಸಲಕರಣೆಗಳನ್ನು ತಯಾರಿಸುವ ಕೋಣೆ. ಹೊರಗೆ ಲೇತುಗಳು ಗದ್ದಲ ಮಾಡುತ್ತಿದ್ದರೆ ಒಳಗೆ ನಾವು ನಾಲ್ಕೈದು ಜನ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಜಗಳ ಆಡುತ್ತ ಕೂತಿರುತ್ತಿದ್ದೆವು. ಅಳತೆ ತಪ್ಪಿದವರನ್ನು ನಾನು ಸುಮ್ಮನೆ ಬಿಡುವುದಿಲ್ಲವೆಂದು ಎಸ್ಟೇಟಿನಲ್ಲೆಲ್ಲ ಹೆಸರಿತ್ತು. ಅದು ಸುಳ್ಳೇನೂ ಅಲ್ಲ.

ನಮ್ಮ ಮಾಲೀಕರು ವೀರಭದ್ರಪ್ಪನವರು, ದಾವಣಗೆರೆ ಕಡೆಯವರು. ವ್ಯವಹಾರಕ್ಕೆ ಅನುಕೂಲವಾದೀತೆಂದು ಊರ ಮಧ್ಯದ ಒಂದು ಗಾಲ್ಫ್ ಕ್ಲಬ್ಬಿಗೆ ಸೇರಿ, ಕೊನೆಗೆ ವ್ಯವಹಾರ ಬಿಟ್ಟು ಆಟದ ಹುಚ್ಚು ಹಿಡಿಸಿಕೊಂಡವರು. ಒಂದು ಬೆಳಿಗ್ಗೆ ಅವರು ಉದ್ದನೆಯ ದೊಣ್ಣೆಯೊಂದನ್ನು ತಂದು ನನ್ನ ಮೇಜಿನ ಮೇಲೆ, ಗೇಜುಗಳ ಮೇಲೆಯೇ ಇಟ್ಟರು. ನನಗೆ ಮೈ ಉರಿಯಿತು. ಮಾಲೀಕರಾದ್ದರಿಂದ ನುಂಗಿಕೊಂಡೆ.

"ನೋಡ್ರಿ, ಇದರ ತಲೆಗೆ ತೂಕ ಬದಲಿಸೋ ಹಂಗೆ ಮಾಡಕ್ಕಾಗುತ್ತೇನ್ರಿ?" ಎಂದರು.

ಅವರ ಹಿಂದೆ ಬಾಗಿಲಲ್ಲಿ ತೆಳ್ಳಗಿನ ಮನುಷ್ಯನೊಬ್ಬ ನಿಂತಿದ್ದ. ಹೆಸರು ಮುನಿರಾಜು, ವಯಸ್ಸು ಮೂವತ್ತೈದರ ಆಸುಪಾಸು, ಮನೆ ಹೊಸಹಳ್ಳಿ. ಅದೇ ಕ್ಲಬ್ಬಿನಲ್ಲಿ ಕ್ಯಾಡಿ. ಅಂದರೆ ಆಟಗಾರರ ದೊಣ್ಣೆಗಳ ಚೀಲ ಹೊತ್ತು ಮೈದಾನವೆಲ್ಲ ಅವರ ಹಿಂದೆ ನಡೆಯುವ ಕೆಲಸ. ಸದಸ್ಯರು ಬೇಡವೆಂದು ಕೊಟ್ಟ ಹಳೆಯ ದೊಣ್ಣೆಗಳಲ್ಲಿ ರಜದ ದಿನ ಆಡಿ ಆಡಿ, ಅವನು ಬಹುತೇಕ ಸದಸ್ಯರಿಗಿಂತ ಚೆನ್ನಾಗಿ ಆಡುತ್ತಿದ್ದನಂತೆ. ಆದರೆ ಹಿಂದಿನ ವರ್ಷ ಮಾಗಡಿ ರಸ್ತೆಯಲ್ಲಿ ಲಾರಿಗೆ ದಾರಿ ಬಿಡಲು ಹೋಗಿ ಸೈಕಲ್ಲಿನಿಂದ ಬಿದ್ದು ಬಲಭುಜ ಕೆಡಿಸಿಕೊಂಡಿದ್ದ. ಚೀಲ ಹೊತ್ತರೆ ಸಂಜೆಗೆ ಕೈ ಎತ್ತಲು ಆಗುತ್ತಿರಲಿಲ್ಲ. ಆಡಲು ಹೋದರೆ ದೊಣ್ಣೆಯ ಮುಖ ಪೂರ್ತಿ ತಿರುಗುವ ಮೊದಲೇ ಪೆಟ್ಟು ಬಿದ್ದು, ಚೆಂಡು ಬಲಕ್ಕೆ ಬಾಗಿ ನೀಲಗಿರಿ ಮರಗಳೊಳಗೆ ಹೋಗಿಬಿಡುತ್ತಿತ್ತು.

ಕ್ಲಬ್ಬಿನಲ್ಲಿ ಹೊಸಬರಿಗೆ ಆಟ ಕಲಿಸಲು ಸಹಾಯಕ ಕೋಚ್ ಹುದ್ದೆಯೊಂದು ಖಾಲಿಯಾಗಿತ್ತು. ಕ್ಯಾಡಿಗಳಿಗೇ ಒಂದು ಪಂದ್ಯ ಇಟ್ಟು, ಗೆದ್ದವನಿಗೆ ಆ ಕೆಲಸ ಕೊಡುವುದೆಂದು ತೀರ್ಮಾನವಾಗಿತ್ತು.

"ಚೀಲ ಹೊರೋದು ಇನ್ನೊಂದು ವರ್ಷ ಆದ್ರೆ ಹೆಚ್ಚು ಸಾರ್," ಎಂದ ಮುನಿರಾಜು. "ಕಲಿಸೋ ಕೆಲಸ ಸಿಕ್ಕಿದ್ರೆ ಬದುಕ್ಕೋತೀನಿ. ಇಲ್ದಿದ್ರೆ ಏನ್ ಮಾಡ್ಬೇಕೋ ನಂಗೂ ಗೊತ್ತಿಲ್ಲ."

ಗಾಲ್ಫ್ ಎಂದರೆ ಉಳ್ಳವರು ಹುಲ್ಲಿನ ಮೇಲೆ ಹೊತ್ತು ಕಳೆಯುವ ದಾರಿ ಎಂಬುದಷ್ಟೇ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು. ದೊಣ್ಣೆಯನ್ನು ಕೈಗೆತ್ತಿಕೊಂಡು ನೋಡಿದ ಮೇಲೆ ಅಭಿಪ್ರಾಯ ಸ್ವಲ್ಪ ಬದಲಾಯಿತು. ಅತಿ ದೂರ ಹೊಡೆಯಲು ಬಳಸುವ ಆ ದೊಣ್ಣೆಗೆ ಡ್ರೈವರ್ ಎನ್ನುತ್ತಾರೆ. ಆ ಕಾಲದಲ್ಲಿ ಅದರ ತಲೆ ಗಟ್ಟಿ ಮರದ್ದು, ಅಡಿಯಲ್ಲಿ ಹಿತ್ತಾಳೆಯ ತಗಡು. ಕೋಲು ಸೇರುವ ಕಡೆಯ ತುದಿ ಹೀಲ್, ಅಂದರೆ ಹಿಮ್ಮಡಿ. ಆಚೆಯ ತುದಿ ಟೋ, ಅಂದರೆ ಕಾಲ್ಬೆರಳು. ಭಾರವೆಲ್ಲ ಹೀಲ್ ಕಡೆ ಕೂತರೆ ಟೋ ಹಗುರಾಗಿ ಬೇಗ ತಿರುಗುತ್ತದೆ. ಬಾಗಿಲಿಗೆ ಏನಾದರೂ ಭಾರ ತೂಗುಹಾಕುವುದಾದರೆ ತಿರುಗಣಿಯ ಹತ್ತಿರ ಹಾಕಿದರೆ ಅದು ಸಲೀಸಾಗಿ ತೆರೆದುಕೊಳ್ಳುವುದಿಲ್ಲವೇ, ಹಾಗೆ. ಮುನಿರಾಜುವಿನ ಭುಜ ಮಾಡಲಾಗದ ಕೆಲಸವನ್ನು ತೂಕದಿಂದ ಮಾಡಿಸಬೇಕಿತ್ತು. ತೂಕ ಬದಲಿಸುವ ಏರ್ಪಾಡಿಗೆ ಆಟದ ನಿಯಮದಲ್ಲಿ ಅಡ್ಡಿಯಿಲ್ಲವೆಂದು ಮಾಲೀಕರೇ ವಿಚಾರಿಸಿಕೊಂಡು ಬಂದಿದ್ದರು. ಆದರೆ ಆಟ ಶುರುವಾದ ಮೇಲೆ ಬದಲಿಸುವಂತಿಲ್ಲ.

ಮರದ ತಲೆಯ ಅಡಿಯಲ್ಲಿ ಎರಡು ಗುಂಡನೆಯ ಗುಳಿ ತೆಗೆದೆವು, ಒಂದು ಹೀಲ್ ಕಡೆ, ಒಂದು ಟೋ ಕಡೆ. ಅವುಗಳಲ್ಲಿ ಕೂರುವ ಹಾಗೆ ಸೀಸದ ಬಿಲ್ಲೆ, ಹಿತ್ತಾಳೆಯ ಬಿಲ್ಲೆ, ಅಲ್ಯೂಮಿನಿಯಂ ಬಿಲ್ಲೆಗಳನ್ನು ಕಡೆದೆವು. ಎಲ್ಲದರ ಅಳತೆ ಒಂದೇ, ತೂಕ ಮಾತ್ರ ಬೇರೆ. ಪ್ರತಿ ಗುಳಿಯ ತಳದಲ್ಲಿ ಹಿತ್ತಾಳೆಯ ನಟ್ ಹುದುಗಿಸಿ, ಬಿಲ್ಲೆಯ ನಡುವಿನ ತೂತಿನಿಂದ ಕಾಲಿಂಚಿನ ಸ್ಕ್ರೂ ಇಳಿಸಿ ಬಿಗಿಯುವುದು. ಸ್ಕ್ರೂಗಳನ್ನೂ ಹಿತ್ತಾಳೆಯಲ್ಲೇ ಮಾಡಿ, ತಲೆಯನ್ನು ತಗಡಿನ ಸಮಕ್ಕೆ ಅರ ಹಾಕಿದೆವು.

ಕಾಲಿಂಚು ಏಕೆ ಎಂದರೆ ನನ್ನ ಬಳಿ ಇದ್ದ ಟ್ಯಾಪ್, ಅಂದರೆ ತೂತಿನೊಳಗೆ ಥ್ರೆಡ್ ಎಂಬ ತಿರುಪಿನ ಸುತ್ತುಗಳನ್ನು ಕೊರೆಯುವ ಸಲಕರಣೆ, ಕಾಲಿಂಚಿನದು. ದೇಶ ಮೆಟ್ರಿಕ್ ಅಳತೆಗೆ ಬದಲಾಗುತ್ತಿದ್ದ ಕಾಲ ಅದು. ಡ್ರಾಯಿಂಗುಗಳು ಮಿಲಿಮೀಟರಿನಲ್ಲಿ ಬರುತ್ತಿದ್ದವು, ಸಲಕರಣೆಗಳು ಇಂಚಿನಲ್ಲೇ ಉಳಿದಿದ್ದವು. ಅಂಗಡಿಗಳಲ್ಲಿ ಎರಡೂ ಬಗೆಯ ಸ್ಕ್ರೂಗಳು ಒಂದೇ ಡಬ್ಬದಲ್ಲಿ ಬೆರೆತಿರುತ್ತಿದ್ದವು. ಇದಕ್ಕಾಗಿ ನಾನು ಬೈಯದ ಅಂಗಡಿಯವನಿಲ್ಲ.

ಈಗ ಬಸವೇಶ್ವರನಗರ ಇರುವ ಕಡೆ ಆಗ ರಾಗಿ ಹೊಲ, ಕಲ್ಲು ನೆಟ್ಟ ಖಾಲಿ ಸೈಟುಗಳು. ಪಾಳಿ ಶುರುವಾಗುವ ಮೊದಲು ನಾವಿಬ್ಬರೂ ಅಲ್ಲಿ ಹೋಗಿ ದೊಣ್ಣೆಯನ್ನು ಪರೀಕ್ಷಿಸುತ್ತಿದ್ದೆವು. ಮೊದಲು ಎರಡೂ ಕಡೆ ಹಿತ್ತಾಳೆ ಹಾಕಿದೆ, ಚೆಂಡು ಎಂದಿನಂತೆ ಬಲಕ್ಕೆ ಹೋಯಿತು. ಹೀಲಿಗೆ ಸೀಸ, ಟೋಗೆ ಅಲ್ಯೂಮಿನಿಯಂ ಹಾಕಿದೆ. ಮುನಿರಾಜು ಬೀಸಿದ. ಚೆಂಡು ಹೊಲದ ಮೇಲೆ ಗೆರೆ ಎಳೆದ ಹಾಗೆ ನೇರವಾಗಿ ಹೋಗಿ, ಕೊನೆಯಲ್ಲಿ ಎಡಕ್ಕೆ ಸ್ವಲ್ಪವೇ ಸ್ವಲ್ಪ ವಾಲಿ ಬಿತ್ತು. ಅವನು ಅದು ಬಿದ್ದ ಕಡೆಯೇ ನೋಡುತ್ತ ನಿಂತ.

"ಏನಯ್ಯ, ಸರಿ ಇಲ್ವಾ?" ಎಂದೆ.

"ಬೀಳೋದಕ್ಕೆ ಮುಂಚೆ ಹಿಂಗೇ ಹೋಗ್ತಿತ್ತು ಸಾರ್," ಎಂದ.

ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷ ಕೊಟ್ಟ ಬೆಳಿಗ್ಗೆಗಳು ಬಹಳ ಇಲ್ಲ.

ಪಂದ್ಯದ ಹಿಂದಿನ ದಿನ ಏನಾಯಿತೆಂಬುದು ನನಗೆ ತಿಳಿದದ್ದು ಆಮೇಲೆ. ಓದುವವರಿಗೆ ಗೊಂದಲ ಬೇಡವೆಂದು ಇಲ್ಲೇ ಹೇಳುತ್ತೇನೆ. ಆ ದಿನ ಮೈದಾನದಲ್ಲಿ ಜೋರು ಗಾಳಿ ಇತ್ತು. ಗಾಳಿಗೆ ತಕ್ಕ ಹಾಗೆ ಬಿಲ್ಲೆ ಬದಲಿಸಿ ನೋಡೋಣವೆಂದು ಮುನಿರಾಜು ಹೀಲ್ ಕಡೆಯ ಸ್ಕ್ರೂ ಬಿಚ್ಚಿದ್ದಾನೆ, ಅದು ಹುಲ್ಲಿನಲ್ಲಿ ಬಿದ್ದು ಕಳೆದುಹೋಗಿದೆ. ಸೈಕಲ್ ಏರಿ ಕಾರ್ಖಾನೆಗೆ ಬಂದರೆ ಕರೆಂಟ್ ಕಟ್ ಎಂದು ನಮಗೆ ರಜ, ಗೇಟಿಗೆ ಬೀಗ. ನನ್ನ ಮನೆ ಅವನಿಗೆ ಗೊತ್ತಿರಲಿಲ್ಲ. ಟೋ ಕಡೆಯ ಸ್ಕ್ರೂ ಬಿಚ್ಚಿ ಹಾರ್ಡ್‌ವೇರ್ ಅಂಗಡಿಯಲ್ಲಿ ತೋರಿಸಿದ. ಅಂಗಡಿಯವನು ಡಬ್ಬ ಕೆದಕಿ, ಪಕ್ಕಕ್ಕಿಟ್ಟು ನೋಡಿ, ಅಂಥದ್ದೇ ಒಂದು ಕೊಟ್ಟ. ಅದು ಉಕ್ಕಿನದು, ಆರು ಮಿಲಿಮೀಟರಿನ ಮೆಟ್ರಿಕ್ ಸ್ಕ್ರೂ. ಕಾಲಿಂಚಿಗೂ ಆರು ಮಿಲಿಮೀಟರಿಗೂ ದಪ್ಪದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿಲ್ಲ. ಆದರೆ ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ ಬೇರೆ. ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಒಂದಕ್ಕೊಂದು ಹೊಂದದೆ ಗಟ್ಟಿಯಾಗುತ್ತದೆ. ತಿರುಗಿಸುವ ಕೈಗೆ ಬಿಗಿಯಾಯಿತು ಅನ್ನಿಸುತ್ತದೆ. ಒಳಗೆ ಉಕ್ಕಿನ ಸ್ಕ್ರೂ ಹಿತ್ತಾಳೆಯ ಥ್ರೆಡ್ಡನ್ನು ಅಗಿಯುತ್ತಿರುತ್ತದೆ.

ಪಂದ್ಯದ ದಿನ ನಾನು ರಜ ಹಾಕಿ ಹೋದೆ. ಇರಲಿ ಎಂದು ಜೇಬಿನಲ್ಲಿ ನಾವೇ ಮಾಡಿದ ಒಂದು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದೆ. ಬಸ್ಸು ತಡವಾಗಿ, ನಾನು ಮೈದಾನ ಸೇರುವ ಹೊತ್ತಿಗೆ ಮುನಿರಾಜು ಮೊದಲ ಕುಳಿ, ಅಂದರೆ ಸಾಲಾಗಿ ಚೆಂಡು ಬೀಳಿಸುತ್ತ ಹೋಗಬೇಕಾದ ಗುಂಡಿಗಳಲ್ಲಿ ಮೊದಲನೆಯದು, ಮುಗಿಸಿದ್ದ. ಎರಡನೆಯದಕ್ಕೆ ಚೆಂಡು ಹೊಡೆದ. ಚೆನ್ನಾಗಿಯೇ ಹೋಯಿತು. ಜನರ ನಡುವೆ ನನ್ನನ್ನು ಕಂಡು, ಮುಖ ಅರಳಿಸಿ, ನೋಡಿ ಸಾರ್ ಎನ್ನುವ ಹಾಗೆ ದೊಣ್ಣೆಯನ್ನು ತಲೆಕೆಳಗಾಗಿ ಎತ್ತಿ ತೋರಿಸಿದ. ಹಿತ್ತಾಳೆಯ ಹಳದಿ ತಗಡಿನ ಮೇಲೆ, ಹೀಲ್ ಕಡೆ, ಬೆಳ್ಳಗೆ ಹೊಳೆಯುವ ಸ್ಕ್ರೂ ತಲೆಯೊಂದು ತಗಡಿನಿಂದ ಮೇಲೆದ್ದು ಕೂತಿತ್ತು. ಅದು ನಾನು ಮಾಡಿದ್ದಲ್ಲ. ಏನು ಸ್ಕ್ರೂ, ಎಲ್ಲಿಯದು, ಒಳಗೆ ಏನಾಗಿರುತ್ತದೆ ಎಲ್ಲವೂ ಒಂದೇ ಕ್ಷಣಕ್ಕೆ ಹೊಳೆಯಿತು.

ರೆಫರಿಯಾಗಿದ್ದವರು ನಿವೃತ್ತ ಮೇಜರ್ ಒಬ್ಬರು. ಓಡಿಹೋಗಿ ಅವರಿಗೆ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಆಟ ಶುರುವಾಗಿದೆ. ಈಗ ಆ ದೊಣ್ಣೆಯ ತೂಕಕ್ಕೆ ಯಾರೂ ಕೈ ಹಾಕೋ ಹಾಗಿಲ್ಲ," ಎಂದರು. "ಮುರಿದ್ರೆ ರಿಪೇರಿ ಮಾಡ್ಬಹುದು. ಮುರಿದಿದ್ಯಾ?"

"ಇನ್ನೂ ಇಲ್ಲ ಸಾರ್. ಮುರಿಯುತ್ತೆ."

"ಹಾಗಾದ್ರೆ ನಾನೇನೂ ಮಾಡೋಕಾಗಲ್ಲ. ನೀವೂ ಅವನ ಹತ್ರ ಮಾತಾಡ್ಬೇಡಿ. ಹೊರಗಿನವರು ಸಲಹೆ ಕೊಟ್ರೆ ಪೆನಾಲ್ಟಿ ಬೀಳೋದು ಅವನಿಗೆ."

ನಾನು ಬೈಯಲು ಬಾಯಿ ತೆರೆದೆ. ಬೈಯಲು ಯಾರೂ ಸಿಗಲಿಲ್ಲ. ಮೇಜರ್ ಹೇಳಿದ್ದು ನ್ಯಾಯವಾಗಿಯೇ ಇತ್ತು. ನಾನೂ ಗೇಜು ಹಿಡಿದು ಜನರಿಗೆ ಅದೇ ಧ್ವನಿಯಲ್ಲಿ ಇಲ್ಲ ಎನ್ನುತ್ತಿದ್ದವನು.

ಆಮೇಲಿನದೆಲ್ಲ ನನಗೆ ಒಂದು ಉದ್ದನೆಯ ಶಿಕ್ಷೆ. ಅವನು ಪ್ರತಿ ಸಲ ದೊಣ್ಣೆ ಬೀಸಿದಾಗ ನಾನು ಚೆಂಡನ್ನು ನೋಡಲಿಲ್ಲ, ಆ ಬಿಳಿ ಚುಕ್ಕೆಯನ್ನೇ ನೋಡಿದೆ. ಸರಿಯಾದ ಸ್ಕ್ರೂ ಜೇಬಿನಲ್ಲಿ ಬೆರಳಿಗೆ ತಾಗುತ್ತಿತ್ತು. ಮುನಿರಾಜು ಎಂದೂ ಆಡದಷ್ಟು ಚೆನ್ನಾಗಿ ಆಡುತ್ತಿದ್ದ. ಪಂದ್ಯ ಮುಗಿಯಲು ನಾಲ್ಕೇ ಕುಳಿಗಳಿದ್ದಾಗ ಎಲ್ಲರಿಗಿಂತ ಮುಂದಿದ್ದ. ವೀರಭದ್ರಪ್ಪನವರು ನನ್ನ ಬೆನ್ನು ತಟ್ಟಿ, "ಏನ್ ಕೆಲಸ ಮಾಡೀರಿ ನೀವು," ಎಂದರು. ಒಂದು ವೇಳೆ ಅದು ಉಳಿದುಬಿಟ್ಟರೆ ಎಂದು ಆಸೆ ಪಟ್ಟೆ. ಉಳಿಯುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಹೊಡೆತಕ್ಕೆ ಕಟ್ ಎಂಬ ಶಬ್ದವಾಯಿತು. ಚೆಂಡು ಬಲಕ್ಕೆ ಬಾಗಿ ಮರಗಳೊಳಗೆ ಹೋಯಿತು. ಸ್ಕ್ರೂ, ಸೀಸದ ಬಿಲ್ಲೆ ಎರಡೂ ಹುಲ್ಲಿನ ಮೇಲೆ ಬಿದ್ದಿದ್ದವು.

ಮೇಜರ್ ನನ್ನನ್ನು ಕರೆದರು. "ಈಗ ಮಾಡಿ. ಇದ್ದ ಬಿಲ್ಲೆಯನ್ನೇ ಹಾಕ್ಬೇಕು. ಆಟ ನಿಲ್ಲಿಸೋಕಾಗಲ್ಲ, ಬೇಗ."

ಹುಲ್ಲಿನ ಮೇಲೆ ಮಂಡಿಯೂರಿ ಬಿಲ್ಲೆ ಕೂರಿಸಿ, ನನ್ನ ಸ್ಕ್ರೂ ಇಳಿಸಿ ತಿರುಗಿಸಿದೆ. ಗಿರಗಿರನೆ ತಿರುಗಿತು. ಹಿಡಿಯಲಿಲ್ಲ. ಆ ಉಕ್ಕಿನ ಸ್ಕ್ರೂ ಕಿತ್ತು ಬರುವಾಗ ನಟ್ಟಿನ ಥ್ರೆಡ್ಡನ್ನೆಲ್ಲ ತಿಂದುಹಾಕಿತ್ತು. ಕರವಸ್ತ್ರದ ಅಂಚು ಹರಿದು ಸ್ಕ್ರೂಗೆ ಸುತ್ತಿ ನೋಡಿದೆ. ಬಿಲ್ಲೆ ಅಲ್ಲಾಡುತ್ತಲೇ ಇತ್ತು. ಸರಿಯಾದ ಸ್ಕ್ರೂ ಇತ್ತು, ಅನುಮತಿ ಇತ್ತು, ಮಾಡಬಲ್ಲ ಕೈ ಇತ್ತು, ಆದರೂ ಆಗಲಿಲ್ಲ.

ಮುನಿರಾಜು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ. "ಬಿಡಿ ಸಾರ್," ಎಂದು ದೊಣ್ಣೆಯನ್ನು ಮೆತ್ತಗೆ ನನ್ನ ಕೈಯಿಂದ ತೆಗೆದುಕೊಂಡ.

ಉಳಿದ ಕುಳಿಗಳನ್ನು ಅವನು ಬೇರೆ ದೊಣ್ಣೆಗಳಲ್ಲಿ ಆಡಿದ. ಭುಜದ ಹಳೆಯ ತೊಂದರೆ ಹಾಗೆಯೇ ಮರಳಿತು. ಕೆಲಸ ಲಗ್ಗೆರೆಯ ಕಡೆಯ ಬೇರೊಬ್ಬ ಕ್ಯಾಡಿಗೆ ಸಿಕ್ಕಿತು. ಅವನೂ ಒಳ್ಳೆಯ ಆಟಗಾರನೇ.

ಮಾರನೆಯ ವಾರ ಮುನಿರಾಜು ದೊಣ್ಣೆ ಹಿಂದಿರುಗಿಸಲು ಟೂಲ್ ರೂಮಿಗೆ ಬಂದ. ಹುಲ್ಲಿನಲ್ಲಿ ಸಿಕ್ಕ ಆ ಬಿಳಿ ಸ್ಕ್ರೂವನ್ನೂ ಕಾಗದದಲ್ಲಿ ಕಟ್ಟಿ ತಂದಿದ್ದ. ರಜ ಇದ್ದದ್ದು, ಅಂಗಡಿಗೆ ಹೋದದ್ದು ಎಲ್ಲ ಹೇಳಿದ.

"ನಾನು ಬಿಗಿಯಾಗೇ ತಿರುಗಿಸಿದ್ದೆ ಸಾರ್. ಕೈಗೆ ಬಿಗಿ ಅನ್ನಿಸ್ತು. ನಿಮ್ಮ ಸ್ಕ್ರೂ ಥರದ್ದೇ ತಾನೇ ಇದು? ಎರಡೂ ಒಂದೇ ಅಲ್ವಾ?"

ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ನನ್ನ ಮುಖ ನೋಡಿದ. ಜೀವಮಾನದಲ್ಲಿ ಅಳತೆಯ ವಿಷಯದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ.

"ಹೂಂ ಕಣಯ್ಯ, ಎರಡೂ ಒಂದೇ," ಎಂದೆ. "ಪೆಟ್ಟು ಬಿದ್ದೂ ಬಿದ್ದೂ ಸಡಿಲ ಆಗಿದೆ, ಅಷ್ಟೇ."

ಗಾಲ್ಫ್ ದೊಣ್ಣೆ ತಯಾರಿಸುವ ಯೋಜನೆ ಅಲ್ಲಿಗೇ ನಿಂತಿತು. ಅಂದಿನಿಂದ ನಾನು ಒಂದು ಪಾಠ ಬಿಟ್ಟಿಲ್ಲ. ಬಳಸುವವನು ಬಿಚ್ಚಿ ಹಾಕುವ ಯಾವುದೇ ಭಾಗವಿರಲಿ, ಬಜಾರಿನ ತಪ್ಪು ಸ್ಕ್ರೂ ಅದರೊಳಗೆ ಒಂದು ಸುತ್ತೂ ಹೋಗಬಾರದು. ಹೋಗದಿದ್ದರೆ ಯಾರಾದರೂ ಕೇಳಿಕೊಂಡು ಬರುತ್ತಾರೆ. ಅರ್ಧ ಹೋದರೆ ನಂಬಿಬಿಡುತ್ತಾರೆ. ನನ್ನ ಕೈಕೆಳಗೆ ಕಲಿತವರಿಗೆಲ್ಲ ಇದನ್ನು ಹೇಳಿದ್ದೇನೆ, ಕಾರಣ ಮಾತ್ರ ಹೇಳಿರಲಿಲ್ಲ.

ವೀರಭದ್ರಪ್ಪನವರು ಮುನಿರಾಜುವನ್ನು ನಮ್ಮ ಕಾರ್ಖಾನೆಯ ಸ್ಟೋರಿಗೆ ತೆಗೆದುಕೊಂಡರು. ಭಾರ ಹೊರುವ ಕೆಲಸವಲ್ಲ, ಕಿಟಕಿಯ ಹಿಂದೆ ನಿಂತು ನಟ್ಟು, ಬೋಲ್ಟು, ಸ್ಕ್ರೂ ಕೊಡುವುದು. ಅಲ್ಲಿ ಇಂಚಿನವು ಒಂದು ಕಡೆ, ಮೆಟ್ರಿಕ್ ಇನ್ನೊಂದು ಕಡೆ ಇರಬೇಕೆಂದು ಕಟ್ಟುನಿಟ್ಟು ಮಾಡಿದ್ದವನು ನಾನೇ. ಅವನು ಅಲ್ಲಿಗೆ ಬಂದ ದಿನವೇ ನನಗೆ ಗೊತ್ತಿತ್ತು, ಇವನಿಗೆ ತಿಳಿಯದೇ ಇರುವುದಿಲ್ಲವೆಂದು. ತಡೆಯಲು ನನ್ನಿಂದ ಏನೂ ಆಗುವಂತಿರಲಿಲ್ಲ.

ಕೆಲವು ತಿಂಗಳ ಮೇಲೆ, ಊಟದ ಹೊತ್ತಿನಲ್ಲಿ, ಅವನು ನನ್ನ ಮೇಜಿನ ಹತ್ತಿರ ಬಂದು ಎರಡು ಸ್ಕ್ರೂ ಇಟ್ಟ.

"ಇದು ಕಾಲಿಂಚು. ಇದು ಆರು ಎಮ್ಮೆಮ್."

"ಹೂಂ."

"ಅವತ್ತು ಎರಡೂ ಒಂದೇ ಅಂದ್ರಿ."

ನಾನು ಗೇಜು ಒರೆಸುತ್ತಿದ್ದೆ, ಒರೆಸುತ್ತಲೇ ಇದ್ದೆ. ಅವನು ಮತ್ತೆ ಕೇಳಿದ.

"ಎರಡನೇ ಕುಳಿ ಹತ್ರ ನಾನು ದೊಣ್ಣೆ ಎತ್ತಿ ತೋರಿಸ್ದೆನಲ್ಲ. ಆಗ್ಲೇ ಗೊತ್ತಾಗಿತ್ತಾ ನಿಮ್ಗೆ?"

"ಗೊತ್ತಾಗಿತ್ತು ಕಣಯ್ಯ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಸ್ಕ್ರೂಗಳನ್ನು ಎತ್ತಿಕೊಂಡು, ಒಂದನ್ನು ಎಡ ಜೇಬಿಗೆ, ಒಂದನ್ನು ಬಲ ಜೇಬಿಗೆ ಹಾಕಿಕೊಂಡ.

"ಗೊತ್ತಿದ್ದೂ ಕೊನೇ ತನಕ ಹೆಂಗ್ ನಿಂತಿದ್ರಿ ಸಾರ್, ಪಾಪ," ಎಂದು ಹೇಳಿ ಸ್ಟೋರಿಗೆ ಹೋದ.

ನಾನು ನಿವೃತ್ತನಾಗುವವರೆಗೂ ಅವನ ಕಿಟಕಿಯಿಂದ ಒಂದು ಸ್ಕ್ರೂ ಕೂಡ, ಜೊತೆಯ ನಟ್ಟಿಗೆ ಪೂರ್ತಿ ತಿರುಗಿಸಿ ನೋಡದೆ, ಹೊರಗೆ ಹೋಗಲಿಲ್ಲ. ನಾನು ಹೋಗಿ ಕೇಳಿದರೂ ಅಷ್ಟೇ, ತಿರುಗಿಸಿ ನೋಡಿಯೇ ಕೊಡುತ್ತಿದ್ದ.